ನರ್ಸಮ್ಮನ ಹಿಂದೆ ಅರವತ್ತನಾಲ್ಕು ಮನೆ

ಆ ಹುಡುಗಿ ಅಷ್ಟು ಹೊತ್ತಿಗಾಗಲೇ ನಲವತ್ತು ಸಲ ಅಣೆಕಟ್ಟು ಒಡೆದಿದ್ದಳು. ಗಾಬರಿ ಬೇಡ, ಎಲ್ಲವೂ ಕಂಪ್ಯೂಟರಿನಲ್ಲಿ. ಜಲಾಶಯ ತುಂಬಿದಾಗ ಒಡೆದು ನೋಡಿದ್ದಳು, ಅರ್ಧಕ್ಕಿಳಿದಾಗ ಒಡೆದು ನೋಡಿದ್ದಳು, ಎಡಗಡೆಯಿಂದ, ಬಲಗಡೆಯಿಂದ, ನಟ್ಟನಡುವೆ. ಒಡೆದಾಗಲೆಲ್ಲ ನೀರು ಎಲ್ಲಿಗೆ ಬರುತ್ತದೆ, ಎಷ್ಟು ಹೊತ್ತಿಗೆ ಬರುತ್ತದೆ, ಎಷ್ಟೆತ್ತರ ನಿಲ್ಲುತ್ತದೆ ಎಂದು ನಕ್ಷೆ ಬರೆಯುವುದು ಅವಳ ನೌಕರಿ. ಆ ನಕ್ಷೆಯಲ್ಲಿ ಎಲ್ಲಕ್ಕಿಂತ ಗಾಢವಾದ ನೀಲಿ ಬಳಿಸಿಕೊಂಡು ಕೂತಿದ್ದದ್ದು ಹೊಳೆದಂಡೆಯ ಕೆಳಬೀದಿ. ಅರವತ್ತನಾಲ್ಕು ಮನೆ, ಒಂದು ಬೇಕರಿ, ಒಂದು ಚಿಕ್ಕ ಶಾಲೆ, ಮತ್ತು ನರ್ಸಮ್ಮ.

ನರ್ಸಮ್ಮನನ್ನು ಬೇರೆಯಾಗಿಯೇ ಎಣಿಸಬೇಕು. ವಯಸ್ಸು ಎಪ್ಪತ್ತೆಂಟು. ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಮೂವತ್ತೆಂಟು ವರ್ಷ ದುಡಿದವಳು, ರಿಟೈರಾದ ಮೇಲೂ ಕರೆದವರ ಮನೆಗೆ ನಡೆದುಕೊಂಡೇ ಹೋಗಿ ಬಂದವಳು. ಕೆಳಬೀದಿಯಲ್ಲಿ ಐವತ್ತು ದಾಟದವರು ಯಾರೇ ಎದುರು ಸಿಕ್ಕಲಿ, ಅವರನ್ನು ಈ ಲೋಕದಲ್ಲಿ ಮೊದಲು ಅಳಿಸಿದ್ದು ಇವಳ ಕೈ. ಅದನ್ನು ಅವಳು ಮರೆತಿರಲಿಲ್ಲ, ಮರೆಯಲು ಬೇರೆಯವರನ್ನೂ ಬಿಡುತ್ತಿರಲಿಲ್ಲ. ಗಂಡನ ಮೇಲೆ ದೂರು ತಂದ ಹೆಂಗಸರನ್ನೂ, ಹೆಂಡತಿಯ ಮೇಲೆ ದೂರು ತಂದ ಗಂಡಸರನ್ನೂ "ಅಳೋಕೆ ಕಲಿಸಿದ್ದೇ ನಾನು, ನನ್ನ ಮುಂದೆ ಅಳಬೇಡಿ" ಎಂದು ಒಂದೇ ಬಾಯಲ್ಲಿ ಗದರಿಸಿ ಕಳಿಸುತ್ತಿದ್ದಳು. ಎರಡು ವರ್ಷದಿಂದ ಅವಳ ಬಲಗಡೆಯ ಮೊಣಕಾಲು ಮಾತ್ರ ಕೈಕೊಟ್ಟಿತ್ತು. ಆ ವಿಷಯವನ್ನು ಅವಳ ಮುಂದೆ ಎತ್ತುವ ಧೈರ್ಯ ಮೊಣಕಾಲಿಗೆ ಬಿಟ್ಟರೆ ಬೇರೆ ಯಾರಿಗೂ ಇರಲಿಲ್ಲ.

ಹುಡುಗಿ ಅಳತೆಗೋಲು ಹಿಡಿದು ಮನೆಮನೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತ ಬಂದಳು. ನರ್ಸಮ್ಮನ ಮನೆಯ ಗೆರೆ ಬಾಗಿಲ ಚೌಕಟ್ಟಿಗಿಂತ ಒಂದು ಗೇಣು ಮೇಲೆ ಬಿತ್ತು.

"ಇಷ್ಟೆತ್ತರ ನೀರಾ?" ಎಂದಳು ನರ್ಸಮ್ಮ, ಕತ್ತು ಹಿಂದಕ್ಕೆ ಚೆಲ್ಲಿ ನೋಡುತ್ತ.

"ಅಣೆಕಟ್ಟು ಒಡೆದರೆ ಮಾತ್ರ ಅಜ್ಜಿ. ಒಡೆಯುತ್ತೆ ಅಂತಲ್ಲ."

"ಒಡೆದರೆ ಎಷ್ಟು ಹೊತ್ತಿಗೆ?"

"ನಲವತ್ತೇಳನೇ ನಿಮಿಷಕ್ಕೆ ನಿಮ್ಮ ಹೊಸ್ತಿಲಿಗೆ."

"ಪರವಾಗಿಲ್ಲವೇ! ನಮ್ಮ ವಾರ್ಡಿನ ದೊಡ್ಡ ಡಾಕ್ಟರು ಹೆರಿಗೆಗೂ ಇಷ್ಟು ಸರಿಯಾಗಿ ಟೈಮ್ ಹೇಳ್ತಿರಲಿಲ್ಲ" ಎಂದು ನರ್ಸಮ್ಮ ಅವಳನ್ನು ಒಳಗೆ ಕರೆದು ಟೀ ಕೊಟ್ಟಳು. ಅಂದಿನಿಂದ ಬೀದಿಯಲ್ಲಿ ಆ ಹುಡುಗಿಗೆ ‘ನಿಮಿಷದ ಮೇಡಂ’ ಎಂಬ ಹೆಸರು ಬಿತ್ತು.

ಮರುದಿನ ಶಾಲೆಯ ಹಾಲಿನಲ್ಲಿ ಸಭೆ. ಮಕ್ಕಳ ಬೆಂಚುಗಳ ಮೇಲೆ ಮೊಣಕಾಲು ಗಲ್ಲಕ್ಕೆ ತಾಗುವಂತೆ ದೊಡ್ಡವರೆಲ್ಲ ಮುದುಡಿ ಕೂತಿದ್ದರು. ರಿಟೈರಾದ ಡ್ರಿಲ್ ಮೇಷ್ಟ್ರು ಮಾತ್ರ ನಿಂತೇ ಇದ್ದರು. ಎಪ್ಪತ್ತನಾಲ್ಕಾದರೂ ಕೋಲು ನುಂಗಿದಂತೆ ನೆಟ್ಟಗಿದ್ದು, ಕೊರಳಲ್ಲಿ ಸೀಟಿ ತೂಗುಹಾಕಿಕೊಂಡು ಓಡಾಡುವವರು ಅವರು. ಮಾತು ಶುರು ಮಾಡಿದ್ದೂ ಅವರೇ. "ತೊಂಬತ್ತು ವರ್ಷದಿಂದ ಗಟ್ಟಿಯಾಗಿ ನಿಂತಿರೋ ಅಣೆಕಟ್ಟು. ಮೇಡಂ ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಯೋಕೆ ಬಂದಿದ್ದಾರೆ!"

ಹಾಲೆಲ್ಲ ನಕ್ಕಿತು. ನರ್ಸಮ್ಮ ನಗಲಿಲ್ಲ. "ಕುಲಾವಿ ಮುಂಚೆಯೇ ಹೊಲಿದಿಡಬೇಕು ಮೇಷ್ಟ್ರೇ. ಹುಟ್ಟಿದ ಮೇಲೆ ಸೂಜಿ ಹುಡುಕ್ತಾ ಕೂತರೆ ಕೂಸಿಗೆ ಶೀತ ಹಿಡಿಯುತ್ತೆ. ಹೇಳಮ್ಮ ನೀನು."

ನಿಮಿಷದ ಮೇಡಂ ಹೇಳಿದಳು. ಅಣೆಕಟ್ಟಿನ ಕಾವಲುಗಾರ ನೋಡಿ, ಫೋನು ಮಾಡಿ, ಸೈರನ್ ಕೂಗಿಸಲು ಹತ್ತು ನಿಮಿಷ. ಲೆಕ್ಕ ತಪ್ಪಿದರೆ ಇರಲಿ ಎಂದು ಐದು. ನಲವತ್ತೇಳರಲ್ಲಿ ಉಳಿಯುವುದು ಮೂವತ್ತೆರಡು. ಸೈರನ್ ಕೂಗಿದ ಮೂವತ್ತೆರಡು ನಿಮಿಷದೊಳಗೆ ಬೀದಿಯ ಕಟ್ಟಕಡೆಯ ಮನುಷ್ಯನೂ ನೀರಿನ ಟ್ಯಾಂಕಿನ ದಿಬ್ಬ ಹತ್ತಿರಬೇಕು. ಹತ್ತಿದರೆ ಬೀದಿ ಉಳಿಯುತ್ತದೆ. ಹತ್ತದಿದ್ದರೆ ವರದಿಯಲ್ಲಿ ‘ವಾಸಕ್ಕೆ ಯೋಗ್ಯವಲ್ಲ’ ಎಂದು ಬರೆಯಬೇಕಾಗುತ್ತದೆ, ಅರವತ್ತನಾಲ್ಕು ಮನೆಯನ್ನೂ ಗುಡ್ಡದಾಚೆ ಹೆದ್ದಾರಿ ಪಕ್ಕದ ಬೋಳು ಜಾಗಕ್ಕೆ ಎತ್ತಿ ಹಾಕುತ್ತಾರೆ. ಮೂರು ಸಲ ಅಭ್ಯಾಸ ಮಾಡಿಸುವುದು, ಮೂರನೆಯದಕ್ಕೆ ಹಿರಿಯ ಅಧಿಕಾರಿ ಬರುತ್ತಾರೆ, ಲೆಕ್ಕಕ್ಕೆ ಹಿಡಿಯುವುದು ಅದೊಂದನ್ನೇ. ಸ್ಕೂಟರು, ಕಾರು, ಆಟೋ ಯಾವುದೂ ಕೂಡದು. ದಿಬ್ಬಕ್ಕಿರುವ ಒಂದೇ ದಾರಿ ಗಿರಣಿಯ ಗೋಡೆಗೂ ಕಾಲುವೆಗೂ ನಡುವಿನ ಆರಡಿ ಓಣಿ, ಅಲ್ಲಿ ಒಂದು ಗಾಡಿ ಕೆಟ್ಟು ನಿಂತರೆ ಬೀದಿಗೆ ಬೀದಿಯೇ ನಿಂತಂತೆ.

"ನಡೆಯೋಕೆ ಎಷ್ಟು ಹೊತ್ತು?" ಎಂದು ಕೇಳಿದ ನರ್ಸಮ್ಮನ ಮಗ. ಬೇಕರಿ ಅವನದೇ, ಹುಬ್ಬಿನ ಮೇಲೆ ಸದಾ ಹಿಟ್ಟು.

"ಸಾವಿರದ ಇನ್ನೂರು ಮೀಟರ್. ಆರಾಮಾಗಿ ನಡೆದರೂ ಇಪ್ಪತ್ತೈದು ನಿಮಿಷ."

ಇಷ್ಟೇನಾ ಎಂದು ಎಲ್ಲರಿಗೂ ಹಗುರವಾಯಿತು. ಆರಾಮಾಗಿ ನಡೆಯುವುದರಲ್ಲಿ ಕೆಳಬೀದಿಯವರನ್ನು ಮೀರಿಸುವವರುಂಟೇ!

ಮೊದಲ ಅಭ್ಯಾಸಕ್ಕೆ ಐವತ್ತೊಂದು ನಿಮಿಷ ಹಿಡಿಯಿತು.

ನರ್ಸಮ್ಮನ ಮನೆ ಓಣಿಯ ಬಾಯಲ್ಲೇ ಇತ್ತು. ಸೈರನ್ ಕೂಗಿದ್ದೇ ತಡ ಅವಳು ಕೋಲು ಹಿಡಿದು ಓಣಿಗಿಳಿದಳು, ಎಲ್ಲಿಯೂ ನಿಲ್ಲಲಿಲ್ಲ, ದಿಬ್ಬದ ಮೇಲೆ ಎಲ್ಲರಿಗಿಂತ ಮೊದಲು ಕಾಲಿಟ್ಟಳು. ಉಸಿರು ಹಿಡಿತಕ್ಕೆ ಬರುತ್ತಿದ್ದಂತೆ ತಿರುಗಿ ನಿಂತು, ಹಿಂದೆ ಬಂದವರಿಗೆ ಒಂದು ಭಾಷಣ ಬಿಗಿದಳು. "ಐವತ್ತೊಂದು ನಿಮಿಷ! ನಾಚಿಕೆ ಆಗಲ್ವಾ ನಿಮಗೆ? ಎಪ್ಪತ್ತೆಂಟರ ಮುದುಕಿ ನಾನು, ನಾನೇ ಮೊದಲು ಬಂದಿದ್ದೀನಿ. ನಿಮ್ಮ ಕಾಲಿಗೇನು ರೋಗ ಬಂದಿದೆ?"

ಬೀದಿ ತಲೆ ತಗ್ಗಿಸಿ ನಿಂತಿತು. ಅವಳ ಬೆನ್ನಿಗೇ ಬಂದಿದ್ದ ಡ್ರಿಲ್ ಮೇಷ್ಟ್ರು, "ತಪ್ಪಾಯ್ತು ನರ್ಸಮ್ಮ, ಮುಂದಿನ ಸಲ ಸರಿ ಮಾಡ್ಕೋತೀವಿ" ಎಂದರು.

ನಿಮಿಷದ ಮೇಡಂ ಪ್ರತಿ ಮನೆಗೂ ಒಂದೊಂದು ಚೀಟಿ ಕೊಟ್ಟು, ದಿಬ್ಬ ಮುಟ್ಟಿದ ಹೊತ್ತನ್ನು ಅದರಲ್ಲಿ ಬರೆಸಿಕೊಂಡಿದ್ದಳು. ಮೊದಲ ಚೀಟಿಯಲ್ಲಿ ನಲವತ್ತೊಂಬತ್ತು, ಕೊನೆಯದರಲ್ಲಿ ಐವತ್ತೊಂದು. ಅರವತ್ತನಾಲ್ಕು ಮನೆಯವರು, ಅವರಲ್ಲಿ ಕೈಗೂಸಿನವರಿದ್ದಾರೆ, ಓಟದಲ್ಲಿ ಕಪ್ಪು ಗೆದ್ದವರಿದ್ದಾರೆ, ಎಲ್ಲರೂ ಎರಡೇ ನಿಮಿಷದ ಅಂತರದಲ್ಲಿ ಬಂದಿದ್ದಾರೆ! ಇಂಥ ಲೆಕ್ಕವನ್ನು ಅವಳ ಕಂಪ್ಯೂಟರ್ ಕಂಡಿರಲಿಲ್ಲ. ಚೀಟಿ ಬರೆದವರು ಒಬ್ಬರದನ್ನು ನೋಡಿ ಒಬ್ಬರು ಕಾಪಿ ಹೊಡೆದಿರಬೇಕೆಂದು ಅವಳು ಅಂದುಕೊಂಡಳು.

ಎರಡನೆಯ ಅಭ್ಯಾಸದ ದಿನ ಅವಳು ದಿಬ್ಬದ ಮೇಲೆ ನಿಲ್ಲಲಿಲ್ಲ. ಗಿರಣಿಯ ಕಿಟಕಿಯಲ್ಲಿ ನಿಂತು ಓಣಿಯನ್ನೇ ನೋಡಿದಳು, ಕೊನೆಯವರು ದಾಟಿದ ಮೇಲೆ ಅವರ ಹಿಂದೆಯೇ ದಿಬ್ಬ ಹತ್ತಿದಳು. ಐವತ್ತು ನಿಮಿಷ ಹಿಡಿಯಿತು. ಈ ಸಲವೂ ನರ್ಸಮ್ಮ ಮೊದಲು ಬಂದಳು, ಈ ಸಲದ ಭಾಷಣ ಇನ್ನೂ ಉದ್ದವಾಗಿತ್ತು, ‘ಸೋಮಾರಿಗಳು’ ಎಂಬ ಮಾತು ಅದರಲ್ಲಿ ನಾಲ್ಕು ಸಲ ಬಂತು. ಭಾಷಣ ಮುಗಿಸಿ ಅವಳು ಮುಖ ತೊಳೆಯಲು ಟ್ಯಾಂಕಿನ ಹಿಂದಿನ ನಲ್ಲಿಗೆ ಹೋದಳು. ಟ್ಯಾಂಕಿನ ಈಚೆ ಮೇಡಂ ಬೀದಿಯ ಪ್ಲಂಬರನನ್ನು ಹಿಡಿದು ನಿಲ್ಲಿಸಿಕೊಂಡಿದ್ದು ಅವಳಿಗೆ ಗೊತ್ತಿರಲಿಲ್ಲ, ಮಾತು ಮಾತ್ರ ಕಿವಿಗೆ ಬಿತ್ತು.

"ನಿಮ್ಮ ಕಾಲು ಗಟ್ಟಿಯಾಗಿದೆಯಲ್ಲ? ಮತ್ತೆ ಯಾಕೆ ಆ ಅಜ್ಜಿ ಹಿಂದೆ ತೆವಳಿಕೊಂಡು ಬಂದ್ರಿ?"

"ಅಯ್ಯೋ, ಏನು ಮಾತು ಮೇಡಂ! ನರ್ಸಮ್ಮನ್ನ ದಾಟಿ ಹೋಗೋದಾ?"

"ದಾಟಿದರೆ ಏನಾಗುತ್ತೆ?"

"ನಾನು ಹುಟ್ಟಿದಾಗ ಉಸಿರೇ ಇರಲಿಲ್ವಂತೆ. ಎರಡೂ ಕಾಲು ಹಿಡಿದು ತಲೆಕೆಳಗೆ ಮಾಡಿ, ಬೆನ್ನಿಗೆ ಎರಡು ಬಿಟ್ಟು ಉಸಿರಾಡಿಸಿದವರು ಅವರು. ಅವರು ಮುಂದೆ ಹೋಗ್ತಿದ್ದರೆ ಪಕ್ಕಕ್ಕೆ ತಳ್ಳಿ ಹೋಗೋಕೆ ಈ ಕಾಲು ಬರಲ್ಲ. ನನಗೊಬ್ಬನಿಗೇ ಅಲ್ಲ, ಯಾರಿಗೂ ಬರಲ್ಲ."

"ನಿಜವಾಗಿಯೂ ನೀರು ಬಂದರೆ?"

ಪ್ಲಂಬರ್ ತನ್ನ ಕಾಲಿನ ಕಡೆಗೊಮ್ಮೆ ನೋಡಿಕೊಂಡ. "ಬಂದರೂ ಬರಲ್ಲ ಅನ್ಸುತ್ತೆ ಮೇಡಂ."

ನರ್ಸಮ್ಮ ನಲ್ಲಿ ನಿಲ್ಲಿಸುವುದನ್ನು ಮರೆತು ನಿಂತಳು. ಮೊದಲು ಮುಖಕ್ಕೆ ಬೆಂಕಿ ಹಚ್ಚಿದಂತಾಯಿತು. ಎರಡು ಭಾಷಣ, ನಾಲ್ಕು ‘ಸೋಮಾರಿಗಳು’, ಅದೂ ಬಾಯಿ ಮುಚ್ಚಿಕೊಂಡು ಕೇಳಿಸಿಕೊಂಡ ಇನ್ನೂರೈವತ್ತು ಜನ! ಆಮೇಲೆ ಅವಳಿಗೆ ತಡೆಯಲಾರದ ನಗು ಬಂತು, ನಗುತ್ತ ನಗುತ್ತಲೇ ಕಣ್ಣು ಒದ್ದೆಯಾಯಿತು. ಈ ಪೆದ್ದುಗಳು ತನ್ನನ್ನು ಇಷ್ಟು ಪ್ರೀತಿಸುತ್ತಾರೆಂದು ಅವಳಿಗೆ ಗೊತ್ತಿರಲಿಲ್ಲ. ಕೊನೆಗೆ ಬಂದದ್ದು ಹೆದರಿಕೆ. ತನ್ನ ಕಾಲೊಂದೇ ಬೀದಿಯನ್ನು ಮುಳುಗಿಸಬಹುದು, ಇಲ್ಲವೇ ಹೆದ್ದಾರಿಯ ಪಕ್ಕಕ್ಕೆ ಎತ್ತಿ ಹಾಕಿಸಬಹುದು.

ಮುಖ ಒರೆಸಿಕೊಂಡು ಟ್ಯಾಂಕು ಸುತ್ತಿ ಈಚೆ ಬಂದಳು. ಪ್ಲಂಬರ್ ಹಾವು ಮೆಟ್ಟಿದವನಂತೆ ಹಾರಿಬಿದ್ದ.

"ಎಲ್ಲರೂ ಕೇಳ್ರಿ!" ಎಂದಳು ನರ್ಸಮ್ಮ. "ಮುಂದಿನ ಸಲ ನನ್ನ ದಾಟಿಕೊಂಡು ಹೋಗದೇ ಇದ್ದವರನ್ನ ನಾನು ಮನೆ ಬಾಗಿಲಿಗೆ ಸೇರಿಸಲ್ಲ. ಇನ್ನು ನೀನು ಹೇಳಮ್ಮ, ಇವರೆಲ್ಲ ಮುಂದೆ ಹೋದರೆ ಎಷ್ಟಾಗುತ್ತೆ?"

"ಅವರದು ಇಪ್ಪತ್ತೇಳಾಗುತ್ತೆ" ಎಂದಳು ಮೇಡಂ. ಮುಂದಿನದನ್ನು ಹೇಳಲು ಅವಳಿಗೆ ಹಿಂಸೆಯಾಯಿತು. "ಆದರೆ ಕೊನೆಯವರು ಬರೋವರೆಗೆ ಬೀದಿ ಖಾಲಿಯಾದ ಲೆಕ್ಕ ಅಲ್ಲ ಅಜ್ಜಿ. ನಿಮ್ಮದು ನಲವತ್ತೆಂಟೇ ಇರುತ್ತೆ."

"ನನ್ನನ್ನ ಲೆಕ್ಕದಿಂದ ಬಿಟ್ಟುಬಿಡು. ಬದುಕಿದ್ದು ಸಾಕಷ್ಟಾಗಿದೆ."

"ಆ ಲೆಕ್ಕ ನನಗೆ ಬರಲ್ಲ" ಎಂದಳು ಹುಡುಗಿ. ಅವಳ ದನಿ ಸಣ್ಣದಿತ್ತು, ಆದರೆ ಅಲುಗಲಿಲ್ಲ. ನರ್ಸಮ್ಮನಿಗೆ ಅವಳ ಮೇಲೆ ಕೋಪವೂ ಬಂತು, ಅದಕ್ಕಿಂತ ಹೆಚ್ಚಾಗಿ ಮೆಚ್ಚುಗೆಯೂ ಆಯಿತು.

ಬೇಕರಿಯ ಹಿಂದಿನ ಕೋಣೆಯಲ್ಲಿ ಅಂದು ಸಂಜೆ ಮನೆಯವರ ಜಗಳ. ಒಲೆಯ ಮುಂದೆ ಮಗ, ಹಿಟ್ಟಿನ ಮೂಟೆಯ ಮೇಲೆ ಮೊಮ್ಮಗಳು, ಸ್ಟೂಲಿನ ಮೇಲೆ ಕಾಲು ಚಾಚಿಕೊಂಡು ನರ್ಸಮ್ಮ. ಮೊಮ್ಮಗಳು ಅದೇ ಬೀದಿಯ ಶಾಲೆಯಲ್ಲಿ ಟೀಚರು, ಮದುವೆಯಾಗಿದ್ದೂ ಅದೇ ಬೀದಿಯ ಪೋಸ್ಟ್‌ಮ್ಯಾನನ್ನು. ಈಗ ಎಂಟು ತಿಂಗಳು ತುಂಬಿತ್ತು. ಹಟದಲ್ಲಿ ಅಜ್ಜಿಯ ಪಡಿಯಚ್ಚು.

ಮಗ ಮೆಲ್ಲಗೆ ಶುರು ಮಾಡಿದ. "ಅಮ್ಮ, ನಮ್ಮ ಬ್ರೆಡ್ಡಿನ ತಳ್ಳುಗಾಡಿ ಇದೆಯಲ್ಲ. ಮೇಡಂನ ಕೇಳಿದೆ, ಕೈಯಲ್ಲಿ ತಳ್ಳೋ ಗಾಡಿಗೆ ಅಡ್ಡಿ ಇಲ್ವಂತೆ. ಮೇಲೆ ಒಂದು ಹಾಸಿಗೆ ಹಾಕಿ..."

"ಹಾಕಿ? ಬನ್ನಿನ ಜೊತೆ ನನ್ನನ್ನೂ ಮಾರಿಕೊಂಡು ಬರ್ತೀಯಾ?"

"ಅಜ್ಜಿ, ಹತ್ತು ನಿಮಿಷದ ಮಾತು" ಎಂದಳು ಮೊಮ್ಮಗಳು.

"ಹತ್ತು ನಿಮಿಷದ ಮಾತಲ್ಲ ಕಣೇ." ನರ್ಸಮ್ಮನ ದನಿ ಇಳಿಯಿತು. "ವಾರ್ಡಿನಲ್ಲಿ ನಾನು ನೋಡಿದ್ದೀನಿ. ಚೆನ್ನಾಗಿ ಓಡಾಡ್ತಿದ್ದವರನ್ನ ಒಂದು ದಿನ ಗಾಲಿಕುರ್ಚಿಯಲ್ಲಿ ಕೂರಿಸ್ತಾರೆ, ಬರೀ ಎಕ್ಸ್‌ರೇವರೆಗೆ ಅಂತಾರೆ. ಆಮೇಲೆ ಅವರನ್ನ ಎಬ್ಬಿಸೋದು ಎಲ್ಲರಿಗೂ ಮರೆತೇಹೋಗುತ್ತೆ. ಅವರಿಗೂ ಮರೆತುಹೋಗುತ್ತೆ. ನಾನು ನಡೆದುಕೊಂಡು ಬಂದವಳು, ನಡೆದುಕೊಂಡೇ ಇರ್ತೀನಿ."

ಮಗ ಒಲೆಯ ಬಾಗಿಲು ತೆಗೆದು, ಬೆಂದಿಲ್ಲದ ಬ್ರೆಡ್ಡನ್ನು ಸುಮ್ಮನೆ ನೋಡಿ, ಮತ್ತೆ ಮುಚ್ಚಿದ.

ಮರುದಿನದಿಂದ ನರ್ಸಮ್ಮ ತಯಾರಿಗೆ ಬಿದ್ದಳು. ಬೆಳಗ್ಗೆ ಎದ್ದು ಗಡಿಯಾರ ಕಟ್ಟಿಕೊಂಡು ಓಣಿ ಹತ್ತುವುದು. ನಲವತ್ತೆಂಟು. ನಲವತ್ತೇಳು. ಐದನೆಯ ದಿನ ನಲವತ್ತೈದು ಬಂದಾಗ ಬೀದಿಯೇ ಕಿಟಕಿಗಳಲ್ಲಿ ನಿಂತು ಚಪ್ಪಾಳೆ ತಟ್ಟಿತು. ಆರನೆಯ ದಿನ ಮೊಣಕಾಲು ಊದಿ ಅವಳ ಮಗನೇ ಬೇಯಿಸಿದ ಬನ್ನಿನಷ್ಟಾಯಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಅವಳ ಎರಡು ಕಾಲಿನ ಸಂಸಾರ ಹಾಗಾಯಿತು. ಬೀದಿಯವರು ಉಪಾಯಗಳನ್ನು ಹೊತ್ತು ತಂದರು. ಹಿಂದಿನ ದಿನವೇ ಹೋಗಿ ಟ್ಯಾಂಕು ಕಾಯುವವನ ಕೋಣೆಯಲ್ಲಿ ಮಲಗಿಬಿಡಿ, ಮೇಡಂಗೆ ಯಾರು ಹೇಳ್ತಾರೆ ಎಂದರು ಡ್ರಿಲ್ ಮೇಷ್ಟ್ರು. "ನೀರೇನು ಹಿಂದಿನ ದಿನ ಕಾಗದ ಬರೆದು ಬರುತ್ತಾ ಮೇಷ್ಟ್ರೇ?" ಎಂದು ನರ್ಸಮ್ಮ ಅವರ ಬಾಯಿ ಮುಚ್ಚಿಸಿದಳು.

ಭಾನುವಾರ ಬೆಳಗ್ಗೆ ಹತ್ತು ಗಂಟೆ. ಬಿಸಿಲು ಚೆನ್ನಾಗಿ ಬಿದ್ದಿತ್ತು. ದಿಬ್ಬದ ಮೇಲೆ ಹಿರಿಯ ಅಧಿಕಾರಿ ಛತ್ರಿ ಬಿಡಿಸಿಕೊಂಡು ಕುರ್ಚಿಯಲ್ಲಿ ಕೂತಿದ್ದ. ಪಕ್ಕದಲ್ಲಿ ನಿಮಿಷದ ಮೇಡಂ, ಕೈಯಲ್ಲಿ ಗಡಿಯಾರ.

ಸೈರನ್ ಕೂಗಿತು. ನರ್ಸಮ್ಮ ಮೊಣಕಾಲಿಗೆ ಬಿಗಿಯಾಗಿ ಪಟ್ಟಿ ಸುತ್ತಿಕೊಂಡು ಓಣಿಗಿಳಿದಳು. ಹಿಂದಿನಿಂದ ಹೆಜ್ಜೆಗಳು ಬಂದವು. ಹೇಳಿದ ಮಾತಿನಂತೆ ಜನ ಅವಳನ್ನು ದಾಟತೊಡಗಿದರು. ಆದರೆ ಅದೇನು ದಾಟುವ ಚೆಂದ! ಪ್ಲಂಬರ್ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು ಹೋದ. ಟೈಲರನ ಹೆಂಡತಿ "ಕ್ಷಮಿಸಿ ನರ್ಸಮ್ಮ" ಎಂದು ಕಾಲು ಮುಟ್ಟಲು ಬಗ್ಗಿದಳು, ಹಿಂದೆ ಬರುತ್ತಿದ್ದವರು ಒಬ್ಬರ ಮೇಲೊಬ್ಬರು ಮುಗ್ಗರಿಸಿದರು. ದಾಟಿದವರು ಹತ್ತು ಹೆಜ್ಜೆ ಹೋಗಿ ತಿರುಗಿ ನೋಡುತ್ತಿದ್ದರು, ತಿರುಗಿದವರ ಕಾಲು ತಾನಾಗಿಯೇ ನಿಧಾನವಾಗುತ್ತಿತ್ತು. "ಹೋಗ್ರೋ! ಕಾಲಿಗೆ ಬುದ್ಧಿ ಹೇಳ್ರೋ!" ಎಂದು ನರ್ಸಮ್ಮ ಕೋಲು ಬೀಸಿದಳು. ಆರು ನಿಮಿಷವಾಗಿತ್ತು, ಅವಳು ಗಿರಣಿಯ ಗೇಟನ್ನೂ ಮುಟ್ಟಿರಲಿಲ್ಲ.

ಆಗ ಹಿಂದಿನಿಂದ ಒಂದು ಕಿರುಚಾಟ ಕೇಳಿಸಿತು. ತಿರುಗಿ ನೋಡಿದರೆ ಬ್ರೆಡ್ಡಿನ ತಳ್ಳುಗಾಡಿ, ಅದರ ಮೇಲೆ ಹಾಸಿಗೆ, ಹಾಸಿಗೆಯ ಮೇಲೆ ಹೊಟ್ಟೆ ಹಿಡಿದುಕೊಂಡ ಮೊಮ್ಮಗಳು. ಹಿಂದಿನಿಂದ ಅವಳ ಅಪ್ಪ, ಅವಳ ಗಂಡ ಇಬ್ಬರೂ ತಳ್ಳುತ್ತಿದ್ದರು.

"ಅಜ್ಜೀ! ನೋವು! ಅಯ್ಯೋ, ಸತ್ತೆ! ನೀನು ಹತ್ತು, ನೀನಿಲ್ಲದೆ ಆಗಲ್ಲ!"

ಮೂವತ್ತೆಂಟು ವರ್ಷದ ಕೈ ತಾನಾಗಿಯೇ ಮುಂದೆ ಹೋಗಿ ಹೊಟ್ಟೆಯ ಮೇಲೆ ಕೂತಿತು. ಹೊಟ್ಟೆ ನಾದಿದ ಹಿಟ್ಟಿನಷ್ಟು ಮೆತ್ತಗಿತ್ತು. ನರ್ಸಮ್ಮ ಹುಡುಗಿಯ ಕಾಲ್ಬೆರಳು ನೋಡಿದಳು. ನೋವು ತಿನ್ನುವ ಹೆಂಗಸು ಎಷ್ಟೇ ಬಾಯಿ ಬಿಗಿಹಿಡಿದರೂ ಬೆರಳು ಮುದುಡಿಕೊಳ್ಳುತ್ತವೆ. ಇವಳ ಹತ್ತೂ ಬೆರಳು ಬಿಸಿಲು ಕಾಯಿಸುತ್ತ ಆರಾಮವಾಗಿ ಬಿಚ್ಚಿಕೊಂಡಿದ್ದವು. ಕಿರುಚಾಟವೋ, ಶಾಲೆಯ ನಾಟಕದಲ್ಲಿ ಮೂರನೇ ಕ್ಲಾಸಿನವರು ಇದಕ್ಕಿಂತ ಚೆನ್ನಾಗಿ ಸಾಯುತ್ತಿದ್ದರು.

ಕಳ್ಳಿ, ಎಂದುಕೊಂಡಳು ನರ್ಸಮ್ಮ. ಬೈಯಲು ಬಾಯಿ ತೆರೆದಳು. ಆದರೆ ಅಷ್ಟರಲ್ಲಿ ಮೊಮ್ಮಗಳ ಕಣ್ಣು ಕಂಡಿತು. ಕಿರುಚುತ್ತಿದ್ದ ಬಾಯಿ ನಾಟಕದ್ದು, ಕಣ್ಣಿನಲ್ಲಿದ್ದ ಹೆದರಿಕೆ ನಾಟಕದ್ದಲ್ಲ. ನಾಳೆ ನಿಜವಾಗಿ ನೀರು ಬಂದರೆ ಈ ಹುಡುಗಿ ತನ್ನನ್ನು ಬಿಟ್ಟು ಒಂದು ಹೆಜ್ಜೆ ಇಡುವುದಿಲ್ಲ. ಇವಳನ್ನು ಬಿಟ್ಟು ಇವಳ ಗಂಡ ಹೋಗುವುದಿಲ್ಲ, ಇಬ್ಬರನ್ನೂ ಬಿಟ್ಟು ತನ್ನ ಮಗ ಹೋಗುವುದಿಲ್ಲ. ತಿರುಗಿ ತಿರುಗಿ ನೋಡುವ ಆ ಪೆದ್ದುಗಳೂ ಹೋಗುವುದಿಲ್ಲ. ತನ್ನ ಎರಡು ಕಾಲಿನ ಹಟಕ್ಕೆ ಎಷ್ಟು ಕಾಲುಗಳು ಗಂಟುಬಿದ್ದಿವೆ!

"ಇವಳಿಗೆ ನೋವು ಶುರುವಾಗಿದೆ!" ಎಂದು ನರ್ಸಮ್ಮ ಇಡೀ ಓಣಿಗೆ ಕೇಳುವಂತೆ ಕೂಗಿದಳು. "ಎತ್ತಿ ಹಾಕ್ರೋ ನನ್ನ! ದಾರಿ ಬಿಡ್ರಿ! ಮುಂದೆ ಓಡ್ರಿ ಎಲ್ಲರೂ!"

ಓಣಿ ಓಡಿತು. ಹಿಂದೆ ಬಾಣಂತಿಯಾಗುವವಳ ಗಾಡಿ ಬರುತ್ತಿರುವಾಗ ಯಾರು ತಿರುಗಿ ನೋಡುತ್ತಾರೆ! ಗಾಡಿಯ ರಬ್ಬರ್ ಚಕ್ರಗಳು ಕಲ್ಲುಗಳ ಮೇಲೆ ದಡದಡ ಕುಣಿದವು. ನರ್ಸಮ್ಮ ಒಂದು ಕೈಯಲ್ಲಿ ಮೊಮ್ಮಗಳನ್ನೂ ಇನ್ನೊಂದರಲ್ಲಿ ಗಾಡಿಯ ಅಂಚನ್ನೂ ಹಿಡಿದು ಕೂತಳು. ಕಾಲುವೆಯ ಕಡೆಯಿಂದ ಗಾಳಿ ಬಂದು ಅವಳ ಬಿಳಿ ಕೂದಲನ್ನು ಬಿಚ್ಚಿಹಾಕಿತು. ಗಿರಣಿಯ ಕಿಟಕಿಗಳು ಒಂದಾದ ಮೇಲೊಂದು ಹಿಂದೆ ಸರಿದವು. ಎರಡು ವರ್ಷದಿಂದ ಅವಳು ಇಷ್ಟು ವೇಗವಾಗಿ ಎಲ್ಲಿಗೂ ಹೋಗಿರಲಿಲ್ಲ. "ಬಲಕ್ಕೆ! ಗುಂಡಿ ಇದೆ! ಇನ್ನೂ ಜೋರಾಗಿ ತಳ್ಳೋ, ತಿಂದಿದ್ದೆಲ್ಲ ಎಲ್ಲಿಗೆ ಹೋಯ್ತು?" ಎಂದು ಮಗನನ್ನು ಗದರಿಸುತ್ತಿದ್ದಳು. ಅವನು ನಗುತ್ತ ಏದುಸಿರು ಬಿಡುತ್ತಿದ್ದ. ಮೊಮ್ಮಗಳು ಕಿರುಚುವುದನ್ನು ಮರೆತಾಗಲೆಲ್ಲ ನರ್ಸಮ್ಮ ಅವಳ ತೊಡೆ ಚಿವುಟುತ್ತಿದ್ದಳು.

ಗಾಡಿ ದಿಬ್ಬ ಹತ್ತಿದಾಗ ಗಡಿಯಾರದಲ್ಲಿ ಇಪ್ಪತ್ತೊಂಬತ್ತು ನಿಮಿಷ. ದಿಬ್ಬದ ಮೇಲೆ ಕೇಕೆ, ಸೀಟಿ, ಒಬ್ಬರನ್ನೊಬ್ಬರು ಅಪ್ಪಿಕೊಳ್ಳುವ ಗದ್ದಲ. ನಿಮಿಷದ ಮೇಡಂ ಗಡಿಯಾರವನ್ನು ಎದೆಗೊತ್ತಿಕೊಂಡು ಕುಣಿದೇಬಿಟ್ಟಳು, ಆಮೇಲೆ ಅಧಿಕಾರಿಯ ಮುಖ ನೋಡಿ ಸುಮ್ಮನಾದಳು.

ಅಧಿಕಾರಿ ಛತ್ರಿ ಮಡಿಸಿ ಎದ್ದು ಬಂದ. ಒಳ್ಳೆಯ ಮನುಷ್ಯ, ಆದರೆ ಸುಲಭಕ್ಕೆ ಒಪ್ಪುವವನಲ್ಲ. "ಮೊದಲು ಆ ಹುಡುಗಿಗೆ ಆಂಬುಲೆನ್ಸ್ ಕರೀರಿ" ಎಂದ. ಆಮೇಲೆ ನರ್ಸಮ್ಮನ ಕಡೆ ತಿರುಗಿದ. "ಅಮ್ಮಾ, ಇವತ್ತು ಹೆರಿಗೆ ನೋವಿನ ಗಡಿಬಿಡಿಯಲ್ಲಿ ನೀವು ಗಾಡಿ ಹತ್ತಿದ್ರಿ. ಪ್ರತಿ ಸಲ ಯಾರಿಗಾದರೂ ನೋವು ಬರುತ್ತೆ ಅಂತ ನಾನು ವರದಿ ಬರೆಯೋಕಾಗುತ್ತಾ? ಇಪ್ಪತ್ತೊಂಬತ್ತನ್ನ ಹೇಗೆ ಒಪ್ಪಲಿ?"

ದಿಬ್ಬದ ಮೇಲಿನ ಗದ್ದಲ ಕುಂದಿತು. ಎಲ್ಲರೂ ನರ್ಸಮ್ಮನನ್ನು ನೋಡಿದರು. ಮೊಮ್ಮಗಳು ಇನ್ನೂ ಸಣ್ಣಗೆ ನರಳುತ್ತಿದ್ದಳು.

"ಸಾಕು ಏಳೇ, ಗಂಟಲು ನೋಯುತ್ತೆ" ಎಂದಳು ನರ್ಸಮ್ಮ. ಅಧಿಕಾರಿಯ ಕಡೆ ತಿರುಗಿ, "ಆಂಬುಲೆನ್ಸ್ ಬೇಡ ಸಾರ್. ನೋವೂ ಇಲ್ಲ, ಏನೂ ಇಲ್ಲ. ಇನ್ನೂ ಮೂರು ವಾರ ಇದೆ. ಓಣಿಯಲ್ಲೇ ಗೊತ್ತಾಯ್ತು ನನಗೆ."

ಮೊಮ್ಮಗಳು ಹಾಸಿಗೆಯಿಂದ ತಟ್ಟನೆ ಎದ್ದು ಕೂತಳು. "ಗೊತ್ತಿತ್ತಾ? ಮತ್ತೆ ಯಾಕೆ ಹತ್ತಿದೆ?"

"ನೀನು ನನ್ನ ಬಿಟ್ಟು ಹೋಗಲ್ಲ ಅನ್ನೋದೂ ಅಲ್ಲೇ ಗೊತ್ತಾಯ್ತು, ಅದಕ್ಕೆ." ನರ್ಸಮ್ಮ ಮೇಡಂ ಕಡೆಗೆ ಕೈ ಚಾಚಿದಳು. "ನಿನ್ನ ಕಾಗದದಲ್ಲಿ ನನ್ನಂಥವರನ್ನ ಬರೆಯೋ ಜಾಗ ಇದೆಯಾ?"

ಮೇಡಂ ಫೈಲು ತೆರೆದಳು. ‘ನಡೆಯಲು ನೆರವು ಬೇಕಾದವರು’ ಎಂದು ಮೇಲೆ ಅಚ್ಚಾಗಿದ್ದ ಒಂದು ಹಾಳೆ, ಅದರಲ್ಲಿ ಹದಿನೈದು ಸಾಲು, ಹದಿನೈದೂ ಖಾಲಿ. ಮೂರು ವಾರ ಮನೆಮನೆ ತಿರುಗಿ ಕೇಳಿದರೂ ಅರವತ್ತನಾಲ್ಕು ಮನೆಯವರೂ ನಮ್ಮಲ್ಲಿ ಅಂಥವರು ಯಾರೂ ಇಲ್ಲ ಎಂದೇ ಹೇಳಿ ಕಳಿಸಿದ್ದರು.

ನರ್ಸಮ್ಮ ಪೆನ್ನು ತೆಗೆದುಕೊಂಡಳು. ಹುಟ್ಟಿದ ಸಾವಿರಾರು ಮಕ್ಕಳನ್ನು ರಿಜಿಸ್ಟರಿಗೆ ಬರೆದ ಕೈ ಒಂದು ಗಳಿಗೆ ಹಾಳೆಯ ಮೇಲೆ ಸುಮ್ಮನೆ ನಿಂತಿತು. ನಂತರ ಮೊದಲನೆಯ ಸಾಲಿನಲ್ಲಿ ತನ್ನ ಹೆಸರು ಬರೆದು, ಮುಂದೆ ‘ಬಲ ಮೊಣಕಾಲು. ಪ್ರತಿ ಸಲವೂ ಗಾಡಿ’ ಎಂದು ದುಂಡಗೆ ಸೇರಿಸಿ, ಸಹಿ ಹಾಕಿದಳು. "ಈಗ ಒಪ್ಪುತ್ತೀರಾ ಸಾರ್?"

ಅಧಿಕಾರಿ ಉತ್ತರ ಕೊಡುವ ಮೊದಲೇ ಯಾರೋ ಕೆಮ್ಮಿದರು. ಡ್ರಿಲ್ ಮೇಷ್ಟ್ರು. ನೆಟ್ಟಗೆ ನಿಲ್ಲಲು ನೋಡುತ್ತಿದ್ದರು, ಆದರೆ ಅವರ ಅಂಗಿಯೆಲ್ಲ ಬೆವರಿನಿಂದ ತೊಯ್ದು, ಮುಖ ಸುಣ್ಣವಾಗಿತ್ತು.

"ನರ್ಸಮ್ಮ, ಆ ಪೆನ್ನು ಒಂಚೂರು ಕೊಡ್ತೀರಾ?" ಎಂದರು. "ಹೋದ ವರ್ಷದಿಂದ ಎದೆ ಹಿಡ್ಕೊಳ್ಳುತ್ತೆ. ನಿಮ್ಮ ಹಿಂದೆ ನಡೆಯೋವಾಗ ಆರಾಮಾಗಿತ್ತು, ಗೌರವ ಕೊಟ್ಟ ಹಾಗೂ ಆಗ್ತಿತ್ತು. ಇವತ್ತು ಓಡಿಸಿಬಿಟ್ರಿ. ಇನ್ನೊಂದು ಸಲ ಹೀಗೆ ಓಡಿದರೆ ಹೊಳೆನೀರು ಬೇಕಾಗಲ್ಲ ನನಗೆ."

ನರ್ಸಮ್ಮ ಬೆರಗಾಗಿ ಅವರನ್ನು ನೋಡಿದಳು. ಮೇಷ್ಟ್ರ ಹಿಂದೆ ಟೈಲರ್ ಬಂದ, ಬಲಗಣ್ಣು ಮಂಜಾಗಿದೆ, ಓಣಿಯಲ್ಲಿ ಹೆಂಡತಿಯ ಭುಜ ಹಿಡಿದುಕೊಂಡೇ ಬಂದೆ ಎಂದ. ಅವನ ಹಿಂದೆ ಸೊಂಟದ ಪಟ್ಟಿಯನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡಿದ್ದ ಗಿರಣಿಯ ಹಳೆ ಕಾವಲುಗಾರ ಬಂದ. ಹೆಸರು ಏಳಾದವು. ಮುಪ್ಪು ಬಂದದ್ದು ತನಗೊಬ್ಬಳಿಗೇ ಎಂದು ಎರಡು ವರ್ಷ ನಂಬಿಕೊಂಡಿದ್ದ ನರ್ಸಮ್ಮನಿಗೆ ಆ ಸಾಲು ಸಾಲು ಮುಖಗಳನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಗುವಂತಾಯಿತು. ಅವಳು ನಕ್ಕಳು. ಅವರೂ ನಕ್ಕರು. ಏಳು ಜನ ಕಳ್ಳರು ಒಂದೇ ಪೆನ್ನಿಗಾಗಿ ಕೈ ಚಾಚಿಕೊಂಡು ನಗುತ್ತಿದ್ದರು.

ಅಧಿಕಾರಿ ಆ ಹಾಳೆಯನ್ನು ಎರಡು ಸಲ ಓದಿದ. "ಇಷ್ಟು ದಿನ ಇದು ಖಾಲಿ ಇತ್ತಲ್ಲ, ಅದನ್ನೇ ನಂಬೋಕಾಗಿರಲಿಲ್ಲ ನನಗೆ" ಎಂದ. ಮೂರು ತಳ್ಳುಗಾಡಿ ಸದಾ ಓಣಿಯ ಬಾಯಲ್ಲಿರಬೇಕು, ಆರು ತಿಂಗಳಿಗೊಮ್ಮೆ ಅಭ್ಯಾಸ ನಡೆಯಬೇಕು ಎಂಬ ಷರತ್ತು ಹಾಕಿ, ಕೆಳಗೆ ‘ವಾಸಕ್ಕೆ ಯೋಗ್ಯ’ ಎಂದು ಬರೆದು ಸಹಿ ಮಾಡಿದ. ಪ್ಲಂಬರ್ ಅದನ್ನು ಗಟ್ಟಿಯಾಗಿ ಓದಿ ಹೇಳಿದ. ಆಮೇಲಿನ ಗದ್ದಲದಲ್ಲಿ ಯಾರ ಮಾತೂ ಯಾರಿಗೂ ಕೇಳಿಸಲಿಲ್ಲ.

ಬಿಸಿಲು ಏರಿತ್ತು. ಜನ ಗುಂಪುಗುಂಪಾಗಿ ಇಳಿಯತೊಡಗಿದರು. ಮೊಮ್ಮಗಳು ಹಸಿವೆ ಎಂದು ಗಂಡನ ಕೈ ಹಿಡಿದು ನಡೆದೇ ಹೊರಟಳು. ಮಗ ಗಾಡಿಯನ್ನು ತಿರುಗಿಸಿ ನಿಲ್ಲಿಸಿದ. ನರ್ಸಮ್ಮ ಅದರ ಅಂಚಿನಲ್ಲಿ ಕೂತು ಮೊಣಕಾಲಿನ ಪಟ್ಟಿ ಸಡಿಲಿಸಿಕೊಳ್ಳುತ್ತಿದ್ದಾಗ, ಡ್ರಿಲ್ ಮೇಷ್ಟ್ರು ಪಕ್ಕಕ್ಕೆ ಬಂದು ನಿಂತರು. ಗಾಡಿಯನ್ನೂ ನೋಡಿದರು, ಇಳಿಯುವ ದಾರಿಯನ್ನೂ ನೋಡಿದರು.

"ಹೇಗಿರುತ್ತೆ ನರ್ಸಮ್ಮ ಅದು?" ಎಂದು ಸಣ್ಣ ದನಿಯಲ್ಲಿ ಕೇಳಿದರು.

"ಚೆನ್ನಾಗಿರುತ್ತೆ ಮೇಷ್ಟ್ರೇ. ಒಳ್ಳೆ ಗಾಳಿ ಬರುತ್ತೆ" ಎಂದು ಹೇಳಿ, ನರ್ಸಮ್ಮ ಹಾಸಿಗೆಯ ಮೇಲೆ ಒಂದಿಷ್ಟು ಸರಿದು ಅವರಿಗೆ ಜಾಗ ಮಾಡಿಕೊಟ್ಟಳು.